ಕುಂಬಳಕಾಯಿಗೆ ದುಡ್ಡಿದೆ, ಶಾಫ್ಟಿನ ಕವರಿಗೆ ಇಲ್ಲ

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ. ರಾತ್ರಿ ಊಟಕ್ಕೆ ಕೂತಾಗಲೂ ಗೊಣಗುತ್ತಿದ್ದೆ. "ನನ್ನ ಹತ್ರ ಹೇಳಿದ್ರೆ ಏನು ಬಂತು, ಫೇಸ್‌ಬುಕ್ಕಲ್ಲಿ ಬರ್ಕೊಳ್ಳಿ" ಅಂದಳು ಮನೆಯವಳು. ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಮೊದಲೇ ಹೇಳಿಬಿಟ್ಟೆ.

ದಾವಣಗೆರೆಯಿಂದ ಜಗಳೂರಿಗೆ ಹೋಗುವ ರಸ್ತೆ ಈ ದಿನಗಳಲ್ಲಿ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಗೊತ್ತು. ಅರ್ಧ ರಸ್ತೆ ಗಾಡಿಗಳಿಗೆ, ಅರ್ಧ ಮೆಕ್ಕೆಜೋಳಕ್ಕೆ. (ಅದರ ಬಗ್ಗೆ ಬೇರೆ ದಿನ ಜಗಳ ಆಡೋಣ. ನಾನೂ ರಸ್ತೆಯಲ್ಲಿ ಒಣಗಿಸಿದವನೇ.) ಬಿಳಿಚೋಡು ದಾಟಿ ಸ್ವಲ್ಪ ಮುಂದೆ ರಸ್ತೆ ಪಕ್ಕದ ಹೊಲದಲ್ಲಿ ಮೆಕ್ಕೆಜೋಳ ಒಕ್ಕುವ ಮಿಷನ್ ಓಡುತ್ತಿತ್ತು. ಗುರುತಿನವರ ಹೊಲ, ಬೈಕ್ ನಿಲ್ಲಿಸಿದೆ.

ಒಂದು ಕಡೆ ತೆನೆಯ ರಾಶಿ, ಇನ್ನೊಂದು ಕಡೆ ಕಾಳಿನ ರಾಶಿ, ಹಿಂದೆ ಬೆಂಡು ಗುಡ್ಡದ ಹಾಗೆ ಬೀಳುತ್ತಿದೆ. ಎದುರಿಗೆ ನಿಂತವರ ಮುಖ ಕಾಣದಷ್ಟು ದೂಳು. ಆರೇಳು ಹೆಣ್ಣಾಳುಗಳು ಪುಟ್ಟಿಯಲ್ಲಿ ತೆನೆ ತುಂಬಿ ತುಂಬಿ ಕೊಡುತ್ತಿದ್ದಾರೆ. ದೂಳಿಗೆ ಸೆರಗನ್ನೇ ತಲೆ, ಬಾಯಿ, ಮೂಗಿಗೆ ಸುತ್ತಿಕೊಂಡಿದ್ದಾರೆ. ಅದರ ತುದಿ ಗಾಳಿಗೆ ಹಾರುತ್ತಿದೆ. ಟ್ರ್ಯಾಕ್ಟರಿನ ಸೀಟಿನ ಮೇಲೆ ಯಾರೂ ಇಲ್ಲ. ಡ್ರೈವರ್ ಕೈ ಆಕ್ಸಿಲೇಟರ್ ಏರಿಸಿಟ್ಟು ಬೇವಿನ ಮರದ ಕೆಳಗೆ ಮೊಬೈಲ್ ನೋಡುತ್ತಿದ್ದಾನೆ.

ಟ್ರ್ಯಾಕ್ಟರಿಗೂ ಮಿಷನ್ನಿಗೂ ನಡುವೆ ಪಿಟಿಓ ಶಾಫ್ಟ್, ಅಂದರೆ ಟ್ರ್ಯಾಕ್ಟರಿನ ಬಲದಲ್ಲಿ ಮಿಷನ್ ತಿರುಗಿಸುವ ಕಬ್ಬಿಣದ ದಂಡ. ಬರೀ ಮೈಯಲ್ಲಿ ಗಿರಗಿರ ತಿರುಗುತ್ತಿದೆ. ಮೇಲೆ ಕವರ್ ಇಲ್ಲ, ಗಾರ್ಡ್ ಇಲ್ಲ, ಒಂದು ಹಳೇ ತಗಡು ಸಹ ಇಲ್ಲ.

ಆಗ ಒಬ್ಬ ಅಜ್ಜಿ, ನಮ್ಮವ್ವನ ವಯಸ್ಸಿನವಳು, ನೀರು ಕುಡಿಯಲು ಹೊರಟಳು. ಬಿಂದಿಗೆ ಇದ್ದದ್ದು ಆ ಕಡೆ. ಟ್ರ್ಯಾಕ್ಟರಿನ ಮುಂದಿನಿಂದ ಸುತ್ತಿ ಹೋದರೆ ಇಪ್ಪತ್ತು ಹೆಜ್ಜೆ. ಅವಳು ಸುತ್ತಲಿಲ್ಲ. ಸೀರೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಹುಕ್ಕಿನ ಮೇಲೆ ಕಾಲಿಟ್ಟು, ತಿರುಗುವ ಶಾಫ್ಟಿನ ಮೇಲಿಂದ ದಾಟಿದಳು. ಹೊಸ್ತಿಲು ದಾಟಿದ ಹಾಗೆ.

ನಾನು ಕೂಗಿಕೊಂಡೆ. ಮಿಷನ್ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ. ಓಡಿಹೋಗಿ ಇಂಜಿನ್ ನಾಬ್ ಎಳೆದು ಬಂದ್ ಮಾಡಿದೆ. ಎಲ್ಲರೂ ನನ್ನನ್ನು ಹುಚ್ಚನ ಹಾಗೆ ನೋಡಿದರು. ಅಜ್ಜಿ ನೀರು ಕುಡಿದು ಬಾಯಿ ಒರೆಸಿಕೊಂಡು, "ಯಾಕಪ್ಪಾ ಹಂಗೆ ಕೂಗ್ತೀಯಾ, ಬೆಳಗ್ಗಿಂದ ಹತ್ತು ಸಲ ದಾಟೀವಿ" ಅಂದಳು. ಮಿಷನ್ ಹುಡುಗ, ಅದೇ ಮರದ ಕೆಳಗಿದ್ದ ಡ್ರೈವರ್, ಎದ್ದು ಬಂದ. "ಅಣ್ಣಾ, ಹತ್ತು ವರ್ಷ ಆಯ್ತು ಓಡಿಸಕ್ ಹತ್ತಿ. ಏನೂ ಆಗಿಲ್ಲ ಬಿಡು."

ಏನೂ ಆಗಿಲ್ಲ. ಈ ಎರಡು ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

ಹುಡುಗನ ಟ್ರ್ಯಾಕ್ಟರ್ ಹೇಗಿತ್ತು ಅಂತ ಹೇಳಬೇಕು. ಆಯುಧಪೂಜೆಯ ಚೆಂಡುಹೂವಿನ ಹಾರ ಒಣಗಿ ಇನ್ನೂ ಬಾನೆಟ್ ಮೇಲೆ ನೇತಾಡುತ್ತಿತ್ತು. ಮಿಷನ್ನಿನ ಮೈಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ. ಎರಡು ದೊಡ್ಡ ಸ್ಪೀಕರ್, ಸುತ್ತ ಬಣ್ಣದ ಎಲ್‌ಇಡಿ, ಮಡ್‌ಗಾರ್ಡಿನ ಮೇಲೆ "ರೈತನ ಮಗ" ಅಂತ ಸ್ಟಿಕ್ಕರ್. ಹಬ್ಬಕ್ಕೆ ಎಷ್ಟಾಯ್ತಪ್ಪಾ ಅಂದೆ. ಸ್ಪೀಕರ್ ಬಿಟ್ಟು ಆರು ಸಾವಿರ ಅಂದ. ಬೂದುಗುಂಬಳ ಒಡೆದಿದ್ದಾನೆ, ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟಿದ್ದಾನೆ. ದೃಷ್ಟಿ ತಾಗಬಾರದಲ್ವಾ! ಶಾಫ್ಟಿನ ಕವರ್ ಎಲ್ಲಿ ಅಂದರೆ, "ಅದು ಬಂದ ವರ್ಷನೇ ಬಿಚ್ಚಾಕಿದ್ವಿ, ಕಿರಿಕಿರಿ" ಅಂದ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಬೆಂಗಳೂರಿನ ಗೆಳೆಯರು ಪಿಟಿಓ ಅಂದರೆ ಆರ್‌ಟಿಓ ತಮ್ಮ ಅಂದುಕೊಂಡಾರು. ಟ್ರ್ಯಾಕ್ಟರ್ ಬರೀ ಎಳೆಯುವುದಿಲ್ಲ. ಹಿಂದುಗಡೆ ಮುಷ್ಟಿಯಿಂದ ಹೊರಬಂದ ಹೆಬ್ಬೆರಳಿನ ಹಾಗೆ ಹಲ್ಲಿರುವ ಒಂದು ಕಬ್ಬಿಣದ ತುದಿ ಇರುತ್ತದೆ. ಇಂಜಿನ್ನಿನ ಬಲ ಅಲ್ಲಿಂದ ಹೊರಬರುತ್ತದೆ. ಅದಕ್ಕೆ ಶಾಫ್ಟ್ ಸಿಕ್ಕಿಸಿ ಮಣ್ಣು ಪುಡಿ ಮಾಡುವ ರೋಟವೇಟರ್, ಒಕ್ಕುವ ಮಿಷನ್, ಔಷಧಿ ಹೊಡೆಯುವ ಪಂಪು, ಏನು ಬೇಕಾದರೂ ತಿರುಗಿಸಬಹುದು. ಸಾಮಾನ್ಯವಾಗಿ ಅದು ನಿಮಿಷಕ್ಕೆ 540 ಸುತ್ತು. ಸೆಕೆಂಡಿಗೆ ಒಂಬತ್ತು.

ಮೂರು ಇಂಚು ದಪ್ಪದ ಶಾಫ್ಟ್ ಅಂದುಕೊಳ್ಳಿ. ಒಂದು ಸುತ್ತಿಗೆ ಒಂಬತ್ತೂವರೆ ಇಂಚು ಬಟ್ಟೆ ಸುತ್ತಿಕೊಳ್ಳುತ್ತದೆ. ಸೆಕೆಂಡಿಗೆ ಸುಮಾರು ಏಳು ಅಡಿ. ಅಜ್ಜಿಯ ಐದೂವರೆ ಮೀಟರ್ ಸೀರೆ ಮೂರು ಸೆಕೆಂಡಿನೊಳಗೆ ಖಾಲಿ. ಆಮೇಲೆ ಸುತ್ತಿಕೊಳ್ಳಲು ಉಳಿಯುವುದು ಅಜ್ಜಿ. "ಅಯ್ಯೋ" ಅನ್ನಲು ಬೇಕಾದ ಅರ್ಧ ಸೆಕೆಂಡಿನಲ್ಲಿ ಶಾಫ್ಟ್ ನಾಲ್ಕು ಸುತ್ತು ಮುಗಿಸಿರುತ್ತದೆ. ಮರದ ಕೆಳಗೆ ಕೂತ ಡ್ರೈವರ್ ಮೊಬೈಲ್ ಜೇಬಿಗೆ ಹಾಕಿ ಎದ್ದು ಬರುವುದರೊಳಗೆ ಏನೇನಾಗುತ್ತದೆ ಅಂತ ಬರೆಯಲು ನನಗೆ ಇಷ್ಟವಿಲ್ಲ.

ಇನ್ನೊಂದು ವಿಷಯ. ಜೋರಾಗಿ ತಿರುಗುವಾಗ ಶಾಫ್ಟ್ ನುಣ್ಣಗೆ ಕಾಣುತ್ತದೆ. ನಿಲ್ಲಿಸಿ ನೋಡಿ. ಕ್ರಾಸ್ (ಶಾಫ್ಟಿನ ತುದಿಯ ಕೀಲು) ಹತ್ತಿರ ಮೂಲೆಗಳಿವೆ, ಗ್ರೀಸ್ ನಿಪ್ಪಲ್ ಇದೆ. ನಿನ್ನೆಯ ಶಾಫ್ಟಿನಲ್ಲಿ ಲಾಕ್ ಪಿನ್ ಕಳೆದುಹೋಗಿ ಅದರ ಜಾಗದಲ್ಲಿ ಒಂದು ಉದ್ದ ಬೋಲ್ಟ್ ಇತ್ತು. ಎರಡು ಇಂಚು ಹೊರಗೆ ಚಾಚಿಕೊಂಡಿತ್ತು. ಸೆರಗಿನ ಒಂದು ಎಳೆ ಸಿಕ್ಕಿದರೆ ಸಾಕು ಅದಕ್ಕೆ.

ಇದಕ್ಕೆ ಮದ್ದು ಬಹಳ ಸರಳ. ಶಾಫ್ಟಿನ ಮೇಲೆ ಒಂದು ಪ್ಲಾಸ್ಟಿಕ್ ಕೊಳವೆ, ಎರಡು ತುದಿಗೆ ಗಂಟೆಯಾಕಾರದ ಟೋಪಿ. ಒಳಗೆ ಶಾಫ್ಟ್ ತಿರುಗುತ್ತದೆ, ಹೊರಗೆ ಕೊಳವೆ ನಿಂತೇ ಇರುತ್ತದೆ. ಅದು ತಿರುಗದ ಹಾಗೆ ಹಿಡಿಯಲು ಒಂದು ಸಣ್ಣ ಚೈನು. ಟ್ರ್ಯಾಕ್ಟರಿನ ತುದಿಗೆ ಒಂದು ತಗಡಿನ ಮುಚ್ಚಳ. ಅಷ್ಟೇ. ರಾಕೆಟ್ ಅಲ್ಲ. ಇಂಗ್ಲೆಂಡಿನಲ್ಲಿ 1957ರಲ್ಲೇ ಪಿಟಿಓಗೆ ಅಂತಲೇ ಬೇರೆ ನಿಯಮ ಮಾಡಿದ್ದರು. ನಮ್ಮಲ್ಲೂ ಕಾನೂನು ಇಲ್ಲ ಅಂತಲ್ಲ. ಅಪಾಯಕಾರಿ ಯಂತ್ರಗಳ ಕಾನೂನು ಬಂದದ್ದು 1983ರಲ್ಲಿ. ಒಕ್ಕುವ ಮಿಷನ್ನಿನಲ್ಲಿ ಕೈ ಕಳೆದುಕೊಂಡವರನ್ನು ನೋಡಿಯೇ ಮಾಡಿದ ಕಾನೂನು ಅದು. ಆ ಕಣದಲ್ಲಿ ಅದರ ಹೆಸರು ಕೇಳಿದವರು ಯಾರಿದ್ದರು ಹೇಳಿ. ಮರದ ಕೆಳಗಿದ್ದವನಂತೂ ಅಲ್ಲ.

ಈಗ ಕಮೆಂಟಿಗೆ ಬರುವವರು ಬರುತ್ತಾರೆ. "ಸಾರ್, ಕವರ್ ಇದ್ದರೆ ಗ್ರೀಸ್ ಹೊಡೆಯಲು ಆಗಲ್ಲ." ನಿಜ, ಕಷ್ಟ. ಕ್ರಾಸಿಗೆ ದಿನಾ ಗ್ರೀಸ್ ಬೇಕು, ಕವರ್ ಸರಿಸಬೇಕು, ಕೈಯೆಲ್ಲ ಹೊಲಸು. ಮನೆಯಲ್ಲಿ ಸಾರು ಕಲಕಲು ಮುಚ್ಚಳ ತೆಗೆಯಬೇಕು. ಅದಕ್ಕೇ ಮುಚ್ಚಳ ತಿಪ್ಪೆಗೆ ಎಸೆಯುತ್ತೀರಾ? "ಸಾರ್, ಅದು ಲಡಾಸು ಪ್ಲಾಸ್ಟಿಕ್, ಬಿಸಿಲಿಗೆ ಒಂದು ವರ್ಷಕ್ಕೆ ಸೀಳುತ್ತೆ." ಇದೂ ನಿಜ. ಇನ್ನೂ ಒಂದು ಮಾತು ನಾನೇ ಸೇರಿಸುತ್ತೇನೆ. ಚೈನು ಕಟ್ಟದಿದ್ದರೆ, ಒಳಗಿನ ಬೇರಿಂಗ್ ಹಿಡಿದುಕೊಂಡರೆ, ಕವರೂ ಶಾಫ್ಟಿನ ಜೊತೆ ತಿರುಗುತ್ತದೆ. ಅದು ಇದ್ದೂ ಇಲ್ಲದ ಹಾಗೆ, ಮೇಲೆ ಧೈರ್ಯ ಬೇರೆ. ಹಾಗಾದರೆ ಹೊಸದು ಹಾಕಿಸಬೇಕು. ಟೈರ್ ಸವೆದರೆ ಟೈರ್ ಇಲ್ಲದೆ ಓಡಿಸುತ್ತೀರಾ?

"ಶಾಫ್ಟಿಗಿಂತ ಟ್ರ್ಯಾಕ್ಟರ್ ಮಗುಚಿ ಸಾಯುವವರು ಜಾಸ್ತಿ." ಗೊತ್ತು ಸ್ವಾಮಿ. ಹಾವು ಕಚ್ಚಿಯೂ ಸಾಯುತ್ತಾರೆ. ಅದಕ್ಕೂ ಇದಕ್ಕೂ ಏನು ಸಂಬಂಧ?

"ಎಚ್ಚರದಿಂದ ಇದ್ದರೆ ಏನೂ ಆಗಲ್ಲ" ಅನ್ನುವವರಿಗೆ ಮಾತ್ರ ನನ್ನ ಹತ್ತಿರ ಬೇರೆ ಉತ್ತರ ಇದೆ. ಅದನ್ನು ಹೇಳಬೇಕಾ ಬೇಡವಾ ಅಂತ ರಾತ್ರಿಯೆಲ್ಲ ಯೋಚಿಸಿದೆ. ಹೇಳಿಬಿಡುತ್ತೇನೆ.

ನಾನು ಬೆಂಗಳೂರು ಬಿಟ್ಟು ಊರಿಗೆ ಬಂದ ಮೂರನೇ ವರ್ಷ ರೋಟವೇಟರ್ ತಂದೆ. ಸಬ್ಸಿಡಿಯಲ್ಲಿ. ಸಾಮಾನ್ಯ ವರ್ಗಕ್ಕೆ 50 ಪರ್ಸೆಂಟ್, ಎಸ್‌ಸಿ, ಎಸ್‌ಟಿಗೆ 90 ಪರ್ಸೆಂಟ್ ಕೊಡುತ್ತಾರಲ್ಲ, ಅದರಲ್ಲಿ. ಹಳದಿ ಕವರ್, ಥಳಥಳ ಚೈನು ಎಲ್ಲ ಇತ್ತು. ಒಂದು ತಿಂಗಳಿಗೆ ಕವರ್ ಲಟಲಟ ಅನ್ನಲು ಶುರು ಮಾಡಿತು. ಆಕ್ಸಾ ಬ್ಲೇಡ್ ತಗೊಂಡು ನಾನೇ ಕತ್ತರಿಸಿ ಬಿಸಾಕಿದೆ. ಅಂದರೆ ಅರ್ಧ ಕವರ್ ನಿಮ್ಮ ತೆರಿಗೆ ದುಡ್ಡಿನದು. ಕ್ಷಮಿಸಿ. ಚೈನು ಚೆನ್ನಾಗಿತ್ತು ಅಂತ ತೋಟದ ಗೇಟಿಗೆ ಹಾಕಿದೆ.

ಮುಂದಿನ ವರ್ಷ ಒಂದು ಮಧ್ಯಾಹ್ನ ರೋಟವೇಟರ್ ಎತ್ತಿದಾಗ ಏನೋ ಸದ್ದು. ಪಿಟಿಓ ಬಿಡಿಸದೆ ಕೆಳಗಿಳಿದೆ. ಸುಮ್ನೆ ಒಂದು ಸಲ ಬಗ್ಗಿ ನೋಡೋಣ ಅಂತ. ಎಚ್ಚರದಿಂದಲೇ ಬಗ್ಗಿದೆ. ಪಂಚೆಯ ಅಂಚು ಯಾವಾಗ ಸಿಕ್ಕಿತೋ ಗೊತ್ತಿಲ್ಲ. ಸೊಂಟಕ್ಕೆ ಯಾರೋ ಒದ್ದ ಹಾಗಾಯಿತು. ಮಂಡಿ ಹೋಗಿ ಟ್ರ್ಯಾಕ್ಟರಿನ ಹಿಂದಿನ ಲಿಂಕಿಗೆ ಬಡಿಯಿತು. ಚರ್ ಅಂತ ಸದ್ದು. ಕಣ್ಣು ಬಿಟ್ಟರೆ ನಾನು ಪಟ್ಟಾಪಟ್ಟಿ ಚಡ್ಡಿಯಲ್ಲಿ ಹೊಲದ ನಡುವೆ ನಿಂತಿದ್ದೇನೆ, ಪಂಚೆ ಶಾಫ್ಟಿಗೆ ಉಂಡೆ ಸುತ್ತಿಕೊಂಡು ತಿರುಗುತ್ತಿದೆ.

ಅದು ಹಳೇ ಪಂಚೆ. ಒಗೆದು ಒಗೆದು ಜಾಲರಿಯಾಗಿತ್ತು. ಅದಕ್ಕೇ ಹರಿಯಿತು. ಹಿಂದಿನ ದಿನ ಮದುವೆಗೆ ಅಂತ ಹೊಸ ಪಂಚೆ ಉಟ್ಟಿದ್ದೆ. ಅವತ್ತು ಅದನ್ನೇ ಉಟ್ಟು ಹೊಲಕ್ಕೆ ಹೋಗಿದ್ದರೆ? ಜೀನ್ಸ್ ಹಾಕಿದ್ದರೆ? ನಾನು ಬದುಕಿದ್ದು ಎಚ್ಚರದಿಂದ ಅಲ್ಲ. ಬಟ್ಟೆ ಪಿಸಿದಿದ್ದರಿಂದ.

ಮನೆಯಲ್ಲಿ ಮುಳ್ಳುತಂತಿಗೆ ಸಿಕ್ಕಿ ಹರಿಯಿತು ಅಂದಿದ್ದೆ. ಬರ್ಕೊಳ್ಳಿ ಅಂದವಳು ಇವತ್ತು ಇದನ್ನು ಓದುತ್ತಾಳೆ. ಓದಲಿ. ಸಂಜೆ ನಾನು ಸ್ವಲ್ಪ ತಡವಾಗಿ ಬರುತ್ತೇನೆ.

ಆದರೆ ನೋಡಿ, ನನ್ನ ಕಥೆಯಲ್ಲಿ ಒಂದು ನ್ಯಾಯ ಇದೆ. ಕವರ್ ಕತ್ತರಿಸಿದವನೂ ನಾನೇ, ಸಿಕ್ಕಿಕೊಂಡವನೂ ನಾನೇ. ನಿನ್ನೆಯ ಕಣದಲ್ಲಿ ಅದೂ ಇಲ್ಲ. ಕಿರಿಕಿರಿ ಅಂತ ಬಿಚ್ಚಿದವನು ಸೀಟಿನ ಮೇಲೋ ಮರದ ಕೆಳಗೋ ಇರುತ್ತಾನೆ. ಶಾಫ್ಟ್ ದಾಟುವುದು ದಿನಗೂಲಿಗೆ ಬಂದವಳು. ಅವಳಿಗೆ ಯಾರೂ ದಾಟು ಅಂದಿಲ್ಲ, ಸರಿ. ಆದರೆ ನೀರಿನ ಬಿಂದಿಗೆ ಆ ಕಡೆ ಇಟ್ಟವರು ಯಾರು? ಪುಟ್ಟಿ ಬರುವುದು ತಡವಾದರೆ "ಬೇಗ ಬೇಗ" ಅಂತ ಕೂಗುವವರು ಯಾರು?

ಏನಾದರೂ ಆಯಿತು ಅಂದುಕೊಳ್ಳಿ. ಕಾರ್ಮಿಕರ ಪರಿಹಾರದ 1923ರ ಕಾನೂನಿನಲ್ಲಿ (2025ರಲ್ಲಿ ಅದರ ಜಾಗಕ್ಕೆ ಸಾಮಾಜಿಕ ಭದ್ರತೆ ಸಂಹಿತೆ ಬಂತು) ಬೆರಳು ಬೆರಳಿಗೂ ಲೆಕ್ಕ ಬರೆದಿಟ್ಟಿದ್ದರು. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ 30 ಪರ್ಸೆಂಟ್ ಹೋಯಿತು ಅಂತ. ತೋರುಬೆರಳಿಗೆ 14. ಟ್ರ್ಯಾಕ್ಟರ್ ಬಳಸುವ ಬೇಸಾಯದ ಕೆಲಸವೂ ಅದರ ಪಟ್ಟಿಯಲ್ಲಿತ್ತು. ಆದರೆ ಕಣದಲ್ಲಿ ಮಾಲೀಕ ಯಾರು? ಹೊಲದವನು ಮಿಷನ್ನಿನವನನ್ನು ತೋರಿಸುತ್ತಾನೆ, ಮಿಷನ್ನಿನವನು ಟ್ರ್ಯಾಕ್ಟರಿನವನನ್ನು, ಅವನು ಆಳು ಕರೆತಂದ ಮೇಸ್ತ್ರಿಯನ್ನು. ನಾಲ್ಕು ಜನ ಸೇರಿ ಆಸ್ಪತ್ರೆ ಬಾಗಿಲಲ್ಲಿ ಒಂದಿಷ್ಟು ಸಾವಿರ ಕೈಗಿಟ್ಟು, "ಅವಳ ಹಣೆಬರಹ" ಅಂತ ಮುಗಿಸುತ್ತಾರೆ. ಹಣೆಬರಹ ಅಂತೆ! ಆಕ್ಸಾ ಬ್ಲೇಡಿನಲ್ಲಿ ಬರೆದದ್ದು.

ಹುಡುಗನ ಹತ್ತಿರ ಇಷ್ಟು ಹೇಳಲು ಹೋಗಲಿಲ್ಲ. ಬಿಂದಿಗೆ ಈ ಕಡೆ ತಂದಿಟ್ಟೆ. ಖಾಲಿ ಚೀಲ ಕಟ್ಟಿ ಮುಚ್ಚೋಣ ಅಂದ ಅವನು. ಚೀಲ! ಸುತ್ತಿಕೊಳ್ಳಲು ಅದಕ್ಕಿನ್ನೂ ಒಳ್ಳೆಯದು. ಬೇಡಪ್ಪಾ ಅಂದೆ. ಕೊನೆಗೆ ಎರಡೂ ಕಡೆ ಎರಡೆರಡು ತುಂಬಿದ ಚೀಲ ಅಡ್ಡ ಇಡಿಸಿ, ಯಾರೂ ನುಗ್ಗದ ಹಾಗೆ ದಾರಿ ಮುಚ್ಚಿಸಿ ಬಂದೆ. ನಾನು ಬೈಕ್ ಹತ್ತುವಷ್ಟರಲ್ಲಿ ಒಂದು ಚೀಲ ತೂಕಕ್ಕೆ ಎತ್ತಿಕೊಂಡು ಹೋದರು.

ಇವತ್ತು ಬೆಳಗ್ಗೆ ದಾವಣಗೆರೆಯಲ್ಲಿ ಎರಡು ಸ್ಪೇರ್ ಪಾರ್ಟ್ಸ್ ಅಂಗಡಿ ತಿರುಗಿದೆ. ಕ್ರಾಸ್ ಬೇಕಾ ಇದೆ, ಶಾಫ್ಟ್ ಬೇಕಾ ಇದೆ, ಹಾರ್ನ್ ಹತ್ತು ತರ ಇದೆ. ಕವರ್ ಅಂದರೆ, "ಅದನ್ನ ಯಾರೂ ಕೇಳಲ್ಲ ಸಾರ್, ಅದಕ್ಕೇ ತರ್ಸಲ್ಲ" ಅಂದರು. ಒಬ್ಬರು ಆರ್ಡರ್ ಹಾಕಿ ತರಿಸಿಕೊಡುತ್ತೇನೆ ಅಂದಿದ್ದಾರೆ. ಒಂದು ಚೀಲ ಡಿಎಪಿ ಗೊಬ್ಬರಕ್ಕಿಂತ ಕಡಿಮೆ ಬೆಲೆ. ಆದರೆ ಬರಲು ಹದಿನೈದು ದಿನವಂತೆ. ಅಷ್ಟರಲ್ಲಿ ಮೆಕ್ಕೆಜೋಳದ ಸುಗ್ಗಿ ಮುಗಿದಿರುತ್ತದೆ.

ಹಾಗಾಗಿ ಹಾವೇರಿ, ರಾಣೆಬೆನ್ನೂರು, ಶಿವಮೊಗ್ಗ ಕಡೆಯ ಗೆಳೆಯರೇ, ಅಂಗಡಿಯಲ್ಲಿ ಕಣ್ಣಿಗೆ ಬಿದ್ದರೆ ಕಮೆಂಟಲ್ಲಿ ತಿಳಿಸಿ. ಎರಡು ಬೇಕು, ಒಂದು ಆ ಹುಡುಗನಿಗೆ, ಒಂದು ನನಗೆ. ನನ್ನ ಶಾಫ್ಟ್ ಪೂರ್ತಿ ಒಳಗೆ ತಳ್ಳಿದಾಗ ಕ್ರಾಸಿನಿಂದ ಕ್ರಾಸಿಗೆ ಎರಡು ಅಡಿ ಎಂಟು ಇಂಚು ಇದೆ. ಅವನದನ್ನು ನಾಳೆ ಅಳೆದು ಹಾಕುತ್ತೇನೆ. ಚೈನು ಒಂದೇ ಸಾಕು. ನನ್ನದನ್ನು ಈಗಷ್ಟೇ ಗೇಟಿನಿಂದ ಬಿಚ್ಚಿಕೊಂಡು ಬಂದೆ.