ಗಂಡಸಿನ ಗಾಡಿಗೆ ಅಯಸ್ಕಾಂತ ಅಂಟಲ್ಲ

2016ರ ಜೂನ್‌ನಲ್ಲಿ ಅಮೆರಿಕದ ಟಿವಿಯಲ್ಲಿ ಷೆವ್ರೊಲೆ ಕಂಪನಿಯ ಒಂದು ಜಾಹೀರಾತು ಬಂತು. ಅದರಲ್ಲಿ ಎರಡು ದೊಡ್ಡ ಪಿಕಪ್ ಟ್ರಕ್‌ಗಳು. ಒಂದು ಷೆವ್ರೊಲೆ ಸಿಲ್ವೆರಾಡೊ, ಇನ್ನೊಂದು ಫೋರ್ಡ್ ಎಫ್-150. ಲೋಡರ್ ಯಂತ್ರ ಬಂದು ಐದಡಿ ಎತ್ತರದಿಂದ 825 ಪೌಂಡ್, ಅಂದರೆ ಸುಮಾರು 374 ಕಿಲೋ ಕಲ್ಲನ್ನು ಎರಡರ ಬೆಡ್‌ಗೂ ದಡದಡ ಸುರಿಯಿತು. ಬೆಡ್ ಅಂದರೆ ಹಿಂದೆ ಸಾಮಾನು ಹಾಕುವ ತೆರೆದ ಜಾಗ. ಸಿಲ್ವೆರಾಡೊದ ಉಕ್ಕಿನ ಬೆಡ್ ನೆಗ್ಗಿತು. ಫೋರ್ಡಿನ ಅಲ್ಯೂಮಿನಿಯಂ ಬೆಡ್ ತೂತಾಯಿತು. ಪಕ್ಕದಲ್ಲಿ ನಿಂತಿದ್ದವರು ಬಾಯಿ ಬಿಟ್ಟುಕೊಂಡು ನೋಡಿದರು. ಇವರು ನಟರಲ್ಲ, ನಿಜವಾದ ಜನ ಅಂತ ಕಂಪನಿ ಬೇರೆ ಭರವಸೆ ಕೊಟ್ಟಿತ್ತು.

ಅಷ್ಟು ಜನ ನಿಜವಾದವರಲ್ಲಿ ಒಬ್ಬರಾದರೂ ಒಂದು ಮಾತು ಕೇಳಬೇಕಿತ್ತಲ್ವಾ? ಅಲ್ಲಯ್ಯಾ, ಕಲ್ಲನ್ನು ಹೀಗೆ ಯಾರಾದರೂ ತುಂಬಿಸುತ್ತಾರಾ? ನಮ್ಮ ಕಡೆ ಸೈಜುಗಲ್ಲನ್ನು ಯಾವನಾದರೂ ಹೀಗೆ ಐದಡಿಯಿಂದ ಎತ್ತಿಹಾಕಲಿ, ಗಾಡಿಯ ಲೋಹದ ಗುಣವನ್ನು ಯಾರೂ ವಿಚಾರಿಸುವುದಿಲ್ಲ. ಮೇಸ್ತ್ರಿ ಮೊದಲು ಅವನ ವಂಶವನ್ನು ವಿಚಾರಿಸುತ್ತಾನೆ.

ಈ ಜಗಳ ಶುರುವಾಗಿದ್ದು 2014ರ ಜನವರಿಯಲ್ಲಿ. ಡೆಟ್ರಾಯಿಟ್ ಆಟೋ ಷೋದಲ್ಲಿ ಫೋರ್ಡ್ ತನ್ನ ಹೊಸ ಎಫ್-150 ತೋರಿಸಿತು. ಚಾಸಿ ಉಕ್ಕಿನದೇ. ಬಾಡಿ ಮತ್ತು ಬೆಡ್ ಮಾತ್ರ ಅಲ್ಯೂಮಿನಿಯಂ ಮಿಶ್ರಲೋಹದ್ದು. ತೂಕದಲ್ಲಿ ಹೆಚ್ಚೆಂದರೆ 700 ಪೌಂಡ್ ಕಡಿಮೆಯಾಯಿತು, ಹತ್ತಿರ ಹತ್ತಿರ 318 ಕಿಲೋ. 1977ರಿಂದ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುತ್ತಿರುವ ಪಿಕಪ್ ಸಾಲು ಇದು. ಅದರ ಚರ್ಮ ಬದಲಾಯಿತು ಅಂದಕೂಡಲೇ ಅಮೆರಿಕದ ಗಂಡಸರಲ್ಲಿ ಅರ್ಧಕ್ಕರ್ಧ ಜನ ಲೋಹಶಾಸ್ತ್ರದ ಪಂಡಿತರಾದರು. ‘ಇದು ಟ್ರಕ್ ಅಲ್ಲ, ಬಿಯರ್ ಕ್ಯಾನ್’ ಅಂದರು. ಬಿಯರ್ ಕ್ಯಾನ್ ಕೈಯಲ್ಲಿ ಹಿಡಿದುಕೊಂಡೇ ಅಂದರು.

ಇವರೇ ಕ್ರಿಸ್ಮಸ್‌ಗೆ ಊರಿಗೆ ಹೋಗುವಾಗ 35 ಸಾವಿರ ಅಡಿ ಎತ್ತರದಲ್ಲಿ ಅಲ್ಯೂಮಿನಿಯಂ ವಿಮಾನದೊಳಗೆ ಕೂತು ಗೊರಕೆ ಹೊಡೆಯುತ್ತಾರೆ. ಆಗ ಲೋಹದ ಚಿಂತೆ ಇಲ್ಲ. ಎರಡು ಮೈಲಿ ದೂರದ ಅಂಗಡಿಯಿಂದ ಹೂಕುಂಡ ತರಲು ಮಾತ್ರ ಉಕ್ಕೇ ಬೇಕು. ಈ ಟ್ರಕ್ ತಯಾರಾಗುವಾಗ ಫೋರ್ಡಿನ ಮುಖ್ಯಸ್ಥರಾಗಿದ್ದ ಅಲನ್ ಮುಲಾಲಿ ಮೊದಲು ಬೋಯಿಂಗ್‌ನಲ್ಲಿ ವಿಮಾನ ಮಾಡಿಸುತ್ತಿದ್ದವರು. ಪಾಪ, ಅವರಿಗೆ ಈ ಹೆದರಿಕೆ ಅರ್ಥವೇ ಆಗಿರಲಿಕ್ಕಿಲ್ಲ. ಇನ್ನು ಹೊಲಗದ್ದೆಗೆ ಇಳಿಯಲೆಂದೇ ಹುಟ್ಟಿದ ಲ್ಯಾಂಡ್ ರೋವರ್‌ಗೆ 1948ರಲ್ಲೇ ಅಲ್ಯೂಮಿನಿಯಂ ಬಾಡಿ ಇತ್ತು. ಯುದ್ಧ ಮುಗಿದ ಹೊಸತು, ಇಂಗ್ಲೆಂಡಿನಲ್ಲಿ ಉಕ್ಕು ರೇಷನ್ನಿನಲ್ಲಿ ಸಿಗುತ್ತಿತ್ತು, ಅದಕ್ಕೇ. ಆ ಗಾಡಿಗಳಲ್ಲಿ ಎಷ್ಟೋ ಇನ್ನೂ ಓಡಾಡಿಕೊಂಡಿವೆ.

ಫೋರ್ಡ್ ಏನೂ ಕಡಿಮೆಯಲ್ಲ. ಗಂಡಸರ ಮುಖ ಸಪ್ಪಗಾಗಿದ್ದು ನೋಡಿ ಒಂದು ಮಂತ್ರ ಹುಡುಕಿತು: ಇದು ‘ಮಿಲಿಟರಿ ದರ್ಜೆಯ’ ಅಲ್ಯೂಮಿನಿಯಂ. ಕೇಳಿದ್ದೇ ತಡ, ಎಷ್ಟೋ ಎದೆಗಳು ಎರಡಿಂಚು ಉಬ್ಬಿದವು. ಮಿಲಿಟರಿ ಅಂದರೆ ಟ್ಯಾಂಕೇ ಆಗಬೇಕೆಂದಿಲ್ಲ, ಸೈನಿಕರಿಗೆ ಅನ್ನ ಬೇಯಿಸುವ ಪಾತ್ರೆಯೂ ಮಿಲಿಟರಿಯದೇ ಅಂತ ಯಾರೂ ಯೋಚಿಸಲಿಲ್ಲ.

ಎದುರಾಳಿ ಸುಮ್ನೆ ಇರುತ್ತದಾ? 2015ರಲ್ಲಿ ಷೆವ್ರೊಲೆ ಇನ್ನೊಂದು ಜಾಹೀರಾತು ಬಿಟ್ಟಿತು. ಒಂದು ಕೋಣೆಯಲ್ಲಿ ಎರಡು ಪಂಜರ, ಒಂದು ಉಕ್ಕಿನದು, ಇನ್ನೊಂದು ಅಲ್ಯೂಮಿನಿಯಂನದು. ಜನ ಕೂತು ಮಾತಾಡುತ್ತಿರುವಾಗ ಒಳಕ್ಕೆ ಕರಡಿ ಬಿಟ್ಟರು. ನಿಜವಾದ ಕರಡಿ. ಎಲ್ಲರೂ ಎದ್ದೆವೋ ಬಿದ್ದೆವೋ ಅಂತ ಉಕ್ಕಿನ ಪಂಜರಕ್ಕೆ ಓಡಿದರು. ಆದ್ದರಿಂದ ಉಕ್ಕಿನ ಟ್ರಕ್ಕೇ ಒಳ್ಳೆಯದು. ತರ್ಕ ಹೇಗಿದೆ? ಮನೆಯ ಸಾಲ ಕಟ್ಟಿಕೊಂಡು, ಮಕ್ಕಳನ್ನು ಸಾಕರ್‌ಗೆ ಬಿಟ್ಟು ಬರುವ ಮನುಷ್ಯ ಟ್ರಕ್ ಕೊಳ್ಳುವ ಮುಂಚೆ ಕರಡಿಯ ಅಭಿಪ್ರಾಯ ಕೇಳಬೇಕು.

ಉಕ್ಕಿನ ಈ ಮಹಾಭಕ್ತ ಸಿಲ್ವೆರಾಡೊದ ಬಾನೆಟ್ ಯಾವುದರದು ಗೊತ್ತಾ? ಅಲ್ಯೂಮಿನಿಯಂ. ಕಲ್ಲು ಸುರಿಯುವ ಲೋಡರ್ ಬೆಡ್ ಬಿಟ್ಟು ಮುಂದಕ್ಕೆ ಹೋಗದಿದ್ದದ್ದು ಕಂಪನಿಯ ಪುಣ್ಯ.

ಮಿಷಿಗನ್‌ನ ನಮ್ಮ ಬೀದಿಯಲ್ಲಿ ಈ ಹೊಸ ಟ್ರಕ್ಕನ್ನು ಮೊದಲು ತಂದವರು ಒಬ್ಬ ಪ್ಲಂಬರ್. ಬಂದ ದಿನವೇ ಒಂದು ಫಜೀತಿ ಆಯಿತು. ಅವರ ಹಳೆಯ ಗಾಡಿಯ ಬಾಗಿಲಿಗೆ ಹೆಸರು, ಫೋನ್ ನಂಬರ್ ಬರೆದ ಒಂದು ಅಯಸ್ಕಾಂತದ ಹಾಳೆ ಅಂಟಿರುತ್ತಿತ್ತು. ಅದನ್ನು ಕಿತ್ತು ಹೊಸ ಬಾಗಿಲಿಗೆ ಒತ್ತಿದರು. ಜಾರಿ ಬಿತ್ತು. ಅಂಗಿಯ ತೋಳಿನಲ್ಲಿ ಬಾಗಿಲು ಒರೆಸಿ ಮತ್ತೆ ಒತ್ತಿದರು. ಮತ್ತೆ ಬಿತ್ತು. ಕಟ್ಟೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ ನನ್ನ ಹೆಂಡತಿ, ‘ರೀ, ನಮ್ಮ ಫ್ರಿಜ್ಜಿಗೆ ಅಂಟುತ್ತೇನೋ, ಒಳಗೆ ಕರೀರಿ ಅವರನ್ನ’ ಅಂದಳು. ಅವರು ಒಂದೆರಡು ನಿಮಿಷ ಗಾಡಿಯನ್ನೇ ನೋಡಿ ನಕ್ಕರು. ಮಾರನೇ ವಾರ ಸ್ಟಿಕ್ಕರ್ ಮಾಡಿಸಿ ಅಂಟಿಸಿದರು. ಅಲ್ಲಿಗೆ ಅವರ ಅಲ್ಯೂಮಿನಿಯಂ ಸಮಸ್ಯೆ ಮುಗಿಯಿತು. ಅವರು ಲೆಕ್ಕ ಹಾಕಿದ್ದು ಬೇರೆಯದು. ತೂಕ ಇಳಿದರೆ ಪೈಪು, ಗೀಸರ್ ಎಷ್ಟು ಜಾಸ್ತಿ ಹೇರಬಹುದು ಅನ್ನುವುದು. ಟ್ರಕ್ಕಿನಲ್ಲಿ ದುಡಿಯುವವರಿಗೆ ಅದರ ಲೋಹದ ಮೇಲೆ ಭಾಷಣ ಮಾಡಲು ಪುರುಸೊತ್ತಿಲ್ಲ. ಭಾಷಣವೆಲ್ಲ ಎದುರುಮನೆಯ ಅಕೌಂಟೆಂಟರದು. ಅವರ ಹತ್ತಿರವೂ ಒಂದು ಟ್ರಕ್ ಇದೆ, ಉಕ್ಕಿನದು. ಅದರ ವಿಚಾರಕ್ಕೆ ಆಮೇಲೆ ಬರೋಣ.

ಅಲ್ಯೂಮಿನಿಯಂ ಮೇಲೆ ನ್ಯಾಯವಾದ ದೂರು ಇಲ್ಲವೇ ಇಲ್ಲ ಅಂತಲ್ಲ. ರಿಪೇರಿ ದುಬಾರಿ. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ ಹಳೆಯ ಮತ್ತು ಹೊಸ ಎಫ್-150ಗಳನ್ನು ಮೆಲ್ಲಗೆ ಡಿಕ್ಕಿ ಹೊಡೆಸಿ ನೋಡಿತು. ಹೊಸದರ ರಿಪೇರಿ ಖರ್ಚು ಶೇ. 26 ಜಾಸ್ತಿ ಬಂತು. ಎಡ್ಮಂಡ್ಸ್ ಎಂಬ ಕಾರು ವಿಮರ್ಶೆಯ ಸಂಸ್ಥೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸ್ವಂತ ದುಡ್ಡಿನಲ್ಲಿ ಹೊಸ ಗಾಡಿ ಕೊಂಡು ದೊಡ್ಡ ಸುತ್ತಿಗೆಯಿಂದ ತಾವೇ ಬಾರಿಸಿದರು, ಸರಿಮಾಡಲು ಎಷ್ಟಾಗುತ್ತದೆ ನೋಡೋಣ ಅಂತ. ಜ್ಞಾನಕ್ಕಾಗಿ ಮನುಷ್ಯ ಏನೆಲ್ಲ ಮಾಡುತ್ತಾನೆ! ಇನ್ನು ಗ್ಯಾರೇಜಿನಲ್ಲಿ ಈ ಲೋಹದ ಮಡಿ ನಮ್ಮಜ್ಜಿಯ ಮಡಿಗಿಂತ ಒಂದು ಕೈ ಮೇಲು. ಇದಕ್ಕೆ ಬೇರೆ ಜಾಗ, ಬೇರೆ ಸುತ್ತಿಗೆ, ಬೇರೆ ಉಜ್ಜುಕಾಗದ, ನಡುವೆ ಪರದೆ. ಉಕ್ಕಿನ ಪುಡಿ ಸೋಕಿದರೆ ಮೈಲಿಗೆ, ಆಮೇಲೆ ತುಕ್ಕಿನ ಕಾಟ.

ಇಷ್ಟೆಲ್ಲ ಮಾಡಿದ್ದು ಪೆಟ್ರೋಲ್ ಉಳಿಸಲು. 2.7 ಲೀಟರ್ ಎಂಜಿನ್ನಿನ ಗಾಡಿಗೆ ಹೆದ್ದಾರಿಯಲ್ಲಿ ಗ್ಯಾಲನ್ನಿಗೆ 26 ಮೈಲಿ, ನಮ್ಮ ಲೆಕ್ಕದಲ್ಲಿ ಲೀಟರ್‌ಗೆ 11 ಕಿಲೋಮೀಟರ್. ಈ ಗಾತ್ರಕ್ಕೆ ಒಳ್ಳೆಯದೇ. ಆದರೆ ಮುಹೂರ್ತ ನೋಡಿ. 2014ರ ಮಧ್ಯದಲ್ಲಿ ಬ್ಯಾರಲ್‌ಗೆ ನೂರು ಡಾಲರ್ ದಾಟಿದ್ದ ಕಚ್ಚಾತೈಲ 2015ರ ಜನವರಿಗೆ ಐವತ್ತಕ್ಕಿಂತ ಕೆಳಗೆ ಬಿತ್ತು. ತೆಳ್ಳಗಾದ ಟ್ರಕ್ ಷೋರೂಮಿಗೆ ಬರುವ ಹೊತ್ತಿಗೆ ಪೆಟ್ರೋಲ್ ಉಳಿಸುವ ಚಿಂತೆಯೇ ಮಾಯ.

ಇನ್ನು ಈ ಜಗಳದಲ್ಲಿ ಹೊರಗಿನವರು ಯಾಕಿಲ್ಲ ಅಂದರೆ, ಅದು ಕೋಳಿಯ ದಯೆ. 1960ರ ದಶಕದ ಆರಂಭದಲ್ಲಿ ಯುರೋಪಿನವರು ಅಮೆರಿಕದ ಕೋಳಿಮಾಂಸದ ಮೇಲೆ ಸುಂಕ ಏರಿಸಿದರು. ಸಿಟ್ಟಿಗೆದ್ದ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರ್‌ನಲ್ಲಿ ಬ್ರಾಂಡಿ, ಆಲೂಗಡ್ಡೆ ಪಿಷ್ಟ ಮತ್ತು ಹಗುರ ಟ್ರಕ್‌ಗಳ ಮೇಲೆ ಶೇ. 25 ಸುಂಕ ಜಡಿದರು. ಆ ಕೋಳಿಗಳ ಮರಿಮಕ್ಕಳೂ ತೀರಿಕೊಂಡಿವೆ. ಟ್ರಕ್ಕಿನ ಸುಂಕ ಮಾತ್ರ ಗಟ್ಟಿಮುಟ್ಟಾಗಿದೆ. ಹಾಗಾಗಿ ದೇಸೀ ಕಂಪನಿಗಳು ಹೊರಗಿನವರ ಹೆಚ್ಚು ಕಾಟವಿಲ್ಲದೆ ತಮ್ಮತಮ್ಮಲ್ಲೇ ಕಲ್ಲು ಎತ್ತಿಹಾಕಿಕೊಂಡು ಹಾಯಾಗಿವೆ.

ಆದರೂ ಹೊರಗಿನವರು ಹಿಂಬಾಗಿಲಿನಿಂದ ಬಂದಿದ್ದಾರೆ. ಎಫ್-150ಗೆ ಅಲ್ಯೂಮಿನಿಯಂ ಹಾಳೆ ಕೊಡುವವರಲ್ಲಿ ದೊಡ್ಡ ಹೆಸರು ನೊವೆಲಿಸ್. ಅದು 2007ರಿಂದ ನಮ್ಮ ಬಿರ್ಲಾಗಳ ಹಿಂಡಾಲ್ಕೊ ಕೈಯಲ್ಲಿದೆ. ಅದೇ ಹಿಂಡಾಲ್ಕೊ, ಬೆಳಗಾವಿಯಲ್ಲಿ ಅಲ್ಯೂಮಿನಾ ಕಾರ್ಖಾನೆ ಇರುವುದು. ಹಿಂದೆ ದೊಡ್ಡ ಬಾವುಟ ಸಿಕ್ಕಿಸಿಕೊಂಡು, ಅಪ್ಪಟ ಅಮೆರಿಕನ್ ಅಂತ ಎದೆ ತಟ್ಟಿಕೊಂಡು ಹೋಗುವ ಟ್ರಕ್ಕನ್ನು ಕಂಡಾಗಲೆಲ್ಲ ನಮ್ಮ ಕಡೆಯ ಹುಡುಗನನ್ನು ನೋಡಿದಷ್ಟೇ ಖುಷಿ ನನಗೆ.

ಸರಿ, ಕಲ್ಲು ಮತ್ತು ಕರಡಿಯ ಕಥೆ ಎಲ್ಲಿಗೆ ಬಂತು? 2018ರ ಜನವರಿ. ಅದೇ ಡೆಟ್ರಾಯಿಟ್ ಷೋ. ಷೆವ್ರೊಲೆ ತನ್ನ ಹೊಸ ಸಿಲ್ವೆರಾಡೊ ತೋರಿಸಿತು. ಬೆಡ್ ಉಕ್ಕಿನದೇ, ಆಡಿದ ಮಾತಿಗೆ ಅಷ್ಟಾದರೂ ಮರ್ಯಾದೆ ಬೇಕಲ್ಲ. ಬಾನೆಟ್, ಬಾಗಿಲುಗಳು, ಹಿಂದಿನ ಟೇಲ್‌ಗೇಟ್ ಎಲ್ಲ ಅಲ್ಯೂಮಿನಿಯಂ. ಯಾಕೆ ಅಂದರೆ ಹಗುರವಂತೆ. ಈ ಸಲ ಕರಡಿಯನ್ನು ಯಾರೂ ಕರೆಯಲಿಲ್ಲ.

ನಮ್ಮ ಎದುರುಮನೆಯ ಅಕೌಂಟೆಂಟರು ಮಾತ್ರ ಹಳೆಯ ಉಕ್ಕಿನ ಪಕ್ಷ ಬಿಟ್ಟಿಲ್ಲ. ಅವರ ಬೆಡ್‌ಗೆ ಗೀರು ಬೀಳಬಾರದು ಅಂತ ಪ್ಲಾಸ್ಟಿಕ್ ಹೊದಿಕೆ ಕೂರಿಸಿದ್ದಾರೆ. ಹೊದಿಕೆಗೆ ಗೀರು ಬೀಳಬಾರದು ಅಂತ ಮೇಲೊಂದು ರಬ್ಬರ್ ಹಾಸು. ಅದರ ಮೇಲೆ ದೂಳು ಕೂರಬಾರದು ಅಂತ ಮುಚ್ಚಳ, ಮುಚ್ಚಳಕ್ಕೆ ಬೀಗ. ಭಾನುವಾರ ಅಂಗಡಿಯಿಂದ ಬಂದು ದಿನಸಿ ಇಳಿಸುತ್ತಿದ್ದರು, ಹಿಂದಿನ ಸೀಟಿನಿಂದ. ಬೆಡ್‌ನಲ್ಲಿ ಯಾಕೆ ಹಾಕಲಿಲ್ಲ ಅಂತ ಕೇಳಿದೆ. ‘ಅಲ್ಲಿಟ್ಟರೆ ಸಾಮಾನು ಆ ಕಡೆ ಈ ಕಡೆ ಉರುಳಾಡುತ್ತೆ, ಮೊಟ್ಟೆ ಒಡೆಯುತ್ತೆ’ ಅಂದರು. ಮೊಟ್ಟೆಯ ಡಬ್ಬಿಗೆ ಸೀಟ್ ಬೆಲ್ಟ್ ಹಾಕಿದ್ದರು.