ನರದ ನೋವಿಗೆ ‘ಫಿಟ್ಸ್ ಮಾತ್ರೆ’: ಒಂದು ಸ್ಪಷ್ಟನೆ

ನಮ್ಮ ವಿಜಯಪುರ ಕಡೆಯ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ‘ನರದ ನೋವಿಗೆ ಡಾಕ್ಟರು ಫಿಟ್ಸ್ ಮಾತ್ರೆ, ತಲೆ ಕೆಟ್ಟವರ ಮಾತ್ರೆ ಕೊಡುತ್ತಾರೆ. ಇವತ್ತೇ ನಿಲ್ಲಿಸಿ’ ಅಂತ. ಇದರಲ್ಲಿ ಒಂದಿಷ್ಟು ನಿಜ ಬೆರೆತಿದೆ, ಅದಕ್ಕೇ ಜನ ನಂಬುತ್ತಾರೆ. ಆದರೆ ಕೊನೆಯ ಮಾತು ಅಪಾಯದ್ದು.

ನರದ ನೋವಿಗೆ ಕೊಡುವ ಗ್ಯಾಬಾಪೆಂಟಿನ್ ಮಾತ್ರೆ ಮೊದಲು ಬಂದದ್ದು ಫಿಟ್ಸ್‌ಗೇ. ಅಮೆರಿಕದಲ್ಲಿ 1993ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. 2002ರಲ್ಲಿ ಸರ್ಪಸುತ್ತಿನ ನಂತರ ಉಳಿಯುವ ನೋವಿಗೂ ಸಿಕ್ಕಿತು. ಪೆಟ್ಟು ತಿಂದ ನರ ಕಾರಣವಿಲ್ಲದೆ ನೋವಿನ ಸುದ್ದಿ ಕಳಿಸುತ್ತಲೇ ಇರುತ್ತದೆ. ಮಾತ್ರೆ ಅದನ್ನು ತಗ್ಗಿಸುತ್ತದೆ. ಅಮಿಟ್ರಿಪ್ಟಿಲಿನ್ ಖಿನ್ನತೆಗೆ ಬಂದ ಔಷಧಿ, ಕಡಿಮೆ ಡೋಸಿನಲ್ಲಿ ನರದ ನೋವಿಗೂ ಕೊಡುತ್ತಾರೆ. ಬರೆದುಕೊಟ್ಟರೆ ನಿಮಗೆ ತಲೆ ಕೆಟ್ಟಿದೆ ಅಂತಲ್ಲ.

ನಮ್ಮ ಅತ್ತೆಗೆ ಸರ್ಪಸುತ್ತು ವಾಸಿಯಾದ ಮೇಲೂ ಪಕ್ಕೆಗೆ ಸೆರಗು ತಾಗಿದರೆ ಸಾಕು, ಬೆಂಕಿ ಇಟ್ಟಂಗೆ ಆಗುತ್ತಿತ್ತು. ನೋಡಿದರೆ ಹಳೇ ಕಲೆ ಬಿಟ್ಟು ಏನೂ ಇಲ್ಲ. ಇಂಥವರಿಗೆ ‘ಸುಮ್ನೆ ನಾಟಕ’ ಅನ್ನುವುದು ಅನ್ಯಾಯ ಅಲ್ವಾ?

ಈ ಮಾತ್ರೆಗಳ ಗುಣ ಕಾಣಲು ಕೆಲವು ವಾರ ಬೇಕು. ಶುರುವಿಗೆ ನಿದ್ದೆ, ತಲೆಸುತ್ತು ಬರಬಹುದು, ಗಾಡಿ ಓಡಿಸುವವರು ಜೋಪಾನ. ಕುಡಿತ ಬೇಡವೇ ಬೇಡ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರಿಗೆ ಹೇಳಲೇಬೇಕು. ಬಿಡುವುದಾದರೂ ಅವರನ್ನು ಕೇಳಿ ನಿಧಾನವಾಗಿ ಇಳಿಸಿ. ಗ್ಯಾಬಾಪೆಂಟಿನ್ ಒಮ್ಮೆಲೇ ನಿಲ್ಲಿಸಿದರೆ ನಿದ್ದೆಗೆಡಬಹುದು, ಬೆವರಬಹುದು, ಕೆಲವರಿಗೆ ಫಿಟ್ಸೂ ಬರಬಹುದು. ಮೆಸೇಜ್ ನಂಬಿ ಆಗಲೇ ನಿಲ್ಲಿಸಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ.