ಗಿಟಾರ್ ಸೋಲೋ ಕೊಂದವರು ಯಾರು?

1991ರಲ್ಲಿ ನಿರ್ವಾಣ ಬ್ಯಾಂಡಿನ 'ನೆವರ್‌ಮೈಂಡ್' ಆಲ್ಬಂ ಬಂತು, ಹಾಡಿನಲ್ಲಿ ಗಿಟಾರಿಸ್ಟ್ ಒಬ್ಬರೇ ಮೆರೆಯುವ ಗಿಟಾರ್ ಸೋಲೋ ಅಂದೇ ಸತ್ತುಹೋಯಿತು. ರಾಕ್ ಕೇಳುವವರು ಸೇರಿದಾಗಲೆಲ್ಲ ಈ ಮಾತು ಬರುತ್ತದೆ. ನನಗೆ ಇದು ಅರ್ಧ ಸುಳ್ಳು ಅನಿಸುತ್ತದೆ.

1978ರಲ್ಲಿ ಎಡ್ಡಿ ವ್ಯಾನ್ ಹೇಲನ್ ಎರಡೂ ಕೈ ಬೆರಳುಗಳನ್ನು ಗಿಟಾರ್ ಕತ್ತಿನ ಲೋಹದ ಗೆರೆಗಳ, ಅಂದರೆ ಫ್ರೆಟ್‌ಗಳ ಮೇಲೆ ಬಡಿದು ನುಡಿಸಿದಾಗ ಜನ ಬೆಚ್ಚಿಬಿದ್ದಿದ್ದರು. ಹೀಗೆ ಬಡಿದು ನುಡಿಸುವ ಟ್ಯಾಪಿಂಗ್ ಮೊದಲೂ ಇತ್ತು, ಆದರೆ ಇಷ್ಟು ಮೋಜು ಇರಲಿಲ್ಲ. ಆಮೇಲೆ ಸ್ವೀಡನ್ನಿನ ಇಂಗ್ವೇ ಮಾಲ್ಮ್‌ಸ್ಟೀನ್, ಪಗನಿನಿಯ ಪಿಟೀಲಿನ ವೇಗವನ್ನು ಗಿಟಾರ್‌ಗೆ ತಂದರು. ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಉದ್ದ ಕೂದಲು ಕೆದರಿಕೊಂಡ ಪ್ರತಿ ಹೇರ್ ಬ್ಯಾಂಡಿಗೂ ಅಂಥವರೊಬ್ಬರು ಬೇಕಾದರು. ಎರಡನೇ ಕೋರಸ್ ಮುಗಿಯಿತಾ, ಸೋಲೋ ಬಂತು. ಮದುವೆ ಊಟದ ಫ್ರೂಟ್ ಸಲಾಡ್ ಥರ. ಬೇಕಾ ಅಂತ ಕೇಳುವವರೇ ಇಲ್ಲ!

ನಿರ್ವಾಣದ ಹಾಡುಗಾರ, ಗಿಟಾರಿಸ್ಟ್ ಕರ್ಟ್ ಕೋಬೇನ್ ಕೂಡ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್'ನಲ್ಲಿ ಸೋಲೋ ನುಡಿಸಿದ್ದಾರೆ. ಹಾಡಿದ ಧಾಟಿಯನ್ನೇ ಹೆಚ್ಚುಕಮ್ಮಿ ಹಾಗೇ ತಂತಿ ಮೇಲೆ ಇಟ್ಟಿದ್ದಾರೆ, ಅಷ್ಟೇ. ಅದೇ ವರ್ಷ, ಸಿಯಾಟಲ್‌ನ ಪರ್ಲ್ ಜ್ಯಾಮ್ ಬ್ಯಾಂಡ್ 'ಅಲೈವ್' ಹಾಡನ್ನು ಮುಗಿಸಿದ್ದೇ ಉದ್ದನೆಯ ಸೋಲೋದಿಂದ. ಅದನ್ನು ಯಾರೂ ಬೇಡ ಅನ್ನಲಿಲ್ಲ. ಜನರಿಗೆ ಸಾಕಾಗಿದ್ದು ಗಿಟಾರ್ ಅಲ್ಲ, ಸರ್ಕಸ್ಸು.

ಇದಕ್ಕಿಂತ ಮಜಾ ಇರುವುದು ಮಾಮೂಲಿ ಆರರ ಬದಲು ಏಳು ತಂತಿ ಇರುವ ಗಿಟಾರ್‌ನ ಕಥೆ. 1990ರಲ್ಲಿ ಐಬನೇಜ್ ಕಂಪನಿ ವೇಗದ ಗಿಟಾರಿಸ್ಟ್ ಸ್ಟೀವ್ ವಾಯ್ ಅವರಿಗಾಗಿ 'ಯೂನಿವರ್ಸ್' ಎಂಬ ಮಾಡೆಲ್ ಮಾಡಿತು. ವೇಗದವರ ಕನಸಿನ ಗಿಟಾರ್ ಅದು. 1994ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ನ್ ಬ್ಯಾಂಡ್ ಮೊದಲ ಆಲ್ಬಂ ತಂದಾಗ ಅವರ ಇಬ್ಬರು ಗಿಟಾರಿಸ್ಟ್‌ಗಳು ಹಿಡಿದದ್ದೂ ಏಳು ತಂತಿಯನ್ನೇ. ಶ್ರುತಿ ಇನ್ನೂ ಇಳಿಸಿದರು, ದಪ್ಪ ತಂತಿಗಳಲ್ಲೇ ಗುಡುಗಿದರು, ಸೋಲೋ ಗೋಜಿಗೇ ಹೋಗಲಿಲ್ಲ. ನ್ಯೂ ಮೆಟಲ್ ಎಂಬ ಭಾರೀ ರಾಕ್ ಶೈಲಿಯ ಸದ್ದಿಗೆ ಬುನಾದಿ ಬಿದ್ದದ್ದು ಅಲ್ಲಿ. ವಾಯ್ ಕೇಳಿ ಮಾಡಿಸಿಕೊಂಡ ಏಳನೇ ತಂತಿ, ವಾಯ್ ಥರ ನುಡಿಸದವರಿಗೆ ಜಾಸ್ತಿ ಕೆಲಸಕ್ಕೆ ಬಂತು. ಗಾಳಿ ಎಷ್ಟು ಜೋರಿತ್ತೆಂದರೆ 2003ರಲ್ಲಿ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ ಕೂಡ ಒಂದೂ ಸೋಲೋ ಇಲ್ಲದ ಆಲ್ಬಂ ತಂದಿತು. ಅಭಿಮಾನಿಗಳು ಬೈದರು. 2008ರ ಆಲ್ಬಂನಲ್ಲಿ ಸೋಲೋ ವಾಪಸ್. 2011ರಲ್ಲಿ ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಪುಣ್ಯಕ್ಕೆ ಆ ಹುಚ್ಚು ಬಿಟ್ಟಿತ್ತು.

ಈಗ ರೀಲ್ಸ್ ತೆರೆದರೆ ಸಾಕು, ಮೀಸೆ ಮೂಡದ ಹುಡುಗರು ಮಾಲ್ಮ್‌ಸ್ಟೀನ್ ಬೆವರುವಂತೆ ನುಡಿಸುತ್ತಾರೆ. ಪಾಲಿಫಿಯಾ ಬ್ಯಾಂಡಿನ ಟಿಮ್ ಹೆನ್ಸನ್ ನೈಲಾನ್ ತಂತಿಯಲ್ಲಿ ಹಿಪ್‌ಹಾಪ್‌ನ ಟ್ರ್ಯಾಪ್ ಬೀಟಿಗೆ ನುಡಿಸುವುದು ನನಗೂ ಇಷ್ಟ. ಆದರೆ ಅವರ ಹಿಂದೆ ಬಂದವರೆಲ್ಲ ಒಂದೇ ಥರ ಕೇಳಿಸ್ತಾರೆ ಅಲ್ವಾ? 1989 ಹೀಗೇ ಇತ್ತೇನೋ. ಸುಮ್ನೆ ಮೂರು ಕಾರ್ಡ್ ಹಿಡಿದು ಇವರನ್ನೆಲ್ಲ ಬದಿಗೆ ಸರಿಸುವ ಬ್ಯಾಂಡ್ ಯಾವುದಾದರೂ ನಿಮ್ಮ ಕಿವಿಗೆ ಬಿದ್ದಿದ್ದರೆ ಹೆಸರು ಹೇಳಿ, ಇವತ್ತೇ ಕೇಳ್ತೀನಿ.